ನೀರು ಎಲ್ಲಿ ಹೋಗುತ್ತಿದೆ?

ಸುಮಾರು ಐದು ತಿಂಗಳು ನನ್ನ ದಿನ ಒಂದು ಬಾಟಲಿ ನೀರಿನಿಂದ ಆರಂಭವಾಗುತ್ತಿತ್ತು. ಮೆಹದಿಪಟ್ಟಣಂನ ನಮ್ಮ ಗಲ್ಲಿಗೆ ಹಾಲಿನವನು ಬಂದು ಹೋದ ಮೇಲೆ ಕಾರಿನ ಬಾನೆಟ್ ಎತ್ತಿ, ರಾತ್ರಿಯಿಡೀ ತಣ್ಣಗಾಗಿದ್ದ ರೇಡಿಯೇಟರಿನ ಮುಚ್ಚಳ ತಿರುವಿ, ನಲ್ಲಿಯಿಂದ ಹಿಡಿದ ನೀರನ್ನು ಕಂಠದ ತನಕ ಸುರಿಯುತ್ತಿದ್ದೆ. ಮೊದಮೊದಲು ವಾರಕ್ಕೊಮ್ಮೆ ಅರ್ಧ ಲೋಟ. ಆಮೇಲೆ ದಿನ ಬಿಟ್ಟು ದಿನ ಒಂದು ಲೋಟ. ಕೊನೆಕೊನೆಗೆ ದಿನಕ್ಕೆ ಒಂದು ಲೀಟರ್. ನೀರು ತುಂಬಿದರೆ ಕಾರು ಓಡುತ್ತಿತ್ತು. ಓಡುತ್ತಿದೆಯಲ್ಲ ಎಂದು ನಾನು ಮುಂದೇನೂ ಯೋಚಿಸಲಿಲ್ಲ.

ಆ ಕಾರು ನಮ್ಮ ಮನೆಗೆ ಬಂದಾಗಲೇ ಐದು ವರ್ಷ ಹಳೆಯದು. 2008ರಲ್ಲಿ ನೋಂದಣಿಯಾದದ್ದನ್ನು 2013ರಲ್ಲಿ ನಿವೃತ್ತ ಮೇಷ್ಟ್ರೊಬ್ಬರಿಂದ ಕೊಂಡೆವು. ನನ್ನ ವಯಸ್ಸಿನವರಿಗೆ ಸ್ವಂತ ಕಾರು ಎಂದರೆ ಎಂಥ ಆಸೆಯೆಂಬುದು ಈಗಿನ ಮಕ್ಕಳಿಗೆ ತಿಳಿಯುವುದು ಕಷ್ಟ. 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಕೀಲಿಯನ್ನು ಗ್ರಾಹಕರೊಬ್ಬರ ಕೈಗಿತ್ತಾಗ ನಾನು ಸೇಡಂ ತಾಲ್ಲೂಕಿನ ಹಳ್ಳಿಯಲ್ಲಿ ಶಾಲೆಗೆ ಹೋಗುವ ಹುಡುಗ. ಬೆಲೆ ಹತ್ತಿರ ಹತ್ತಿರ 50,000 ರೂಪಾಯಿ ಎಂದು ಅಪ್ಪ ಪತ್ರಿಕೆಯಲ್ಲಿ ಓದಿ ಹೇಳಿದ್ದರು. ನಾನೂ ತಮ್ಮನೂ ಆ ಚಿತ್ರವನ್ನು ಕತ್ತರಿಸಿ ದನದ ಕೊಟ್ಟಿಗೆಯ ಬಾಗಿಲಿಗೆ ಅಂಟಿಸಿದ್ದೆವು. 2014ರ ಜನವರಿಯಲ್ಲಿ ಆ ಕಾರಿನ ತಯಾರಿಕೆಯೇ ನಿಂತಿತೆಂಬ ಸುದ್ದಿ ಬಂದ ದಿನ ತಮ್ಮ ಹಳ್ಳಿಯಿಂದ ಫೋನ್ ಮಾಡಿದ್ದ. ಆಗ ಅವನು ತಾನಾಗಿ ಫೋನ್ ಮಾಡುತ್ತಿದ್ದ.

ನಾವು ಕೊಂಡದ್ದು ಬೇರೊಂದು ಸಣ್ಣ ಕಾರು. ಮಗಳನ್ನು ಶಾಲೆಗೆ, ಹೆಂಡತಿಯನ್ನು ಆಸ್ಪತ್ರೆಗೆ, ರಾಜ್ಯೋತ್ಸವಕ್ಕೆ ಕಾಚಿಗುಡದ ಕನ್ನಡಿಗರ ನಡುವೆ ಕುಳಿತುಕೊಳ್ಳಲು ನಮ್ಮೆಲ್ಲರನ್ನು ಅದು ಹೊತ್ತು ತಿರುಗಿತು. ಕೊಂಡ ಮರುವರ್ಷ ತೆಲಂಗಾಣ ಬೇರೆ ರಾಜ್ಯವಾಯಿತು. ಹೊಸ ಗಾಡಿಗಳ ಫಲಕಕ್ಕೆ ಟಿಎಸ್ ಬಂತು, 2024ರಲ್ಲಿ ಅದು ಟಿಜಿ ಆಯಿತು. ನಮ್ಮದು ಹಳೆಯ ಎಪಿ ಫಲಕದಲ್ಲೇ ಉಳಿಯಿತು. ಇದ್ದಲ್ಲೇ ರಾಜ್ಯ ಬದಲಾಗುವುದು ನಮ್ಮ ಕಡೆಯವರಿಗೆ ಹೊಸದಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಹುಟ್ಟಿದ ನನ್ನ ಅಜ್ಜ 1956ರ ನವೆಂಬರ್ 1ರಂದು ಮನೆಯಿಂದ ಕದಲದೆಯೇ ಮೈಸೂರು ರಾಜ್ಯದವರಾದರು. ಆದರೂ ಕಾಯಿಲೆಗೆ, ಓದಿಗೆ, ನೌಕರಿಗೆ ನಮ್ಮ ಊರಿನವರು ಹೊರಡುವುದು ಇಂದಿಗೂ ಹೈದರಾಬಾದಿಗೇ. ನಾನೂ ಹಾಗೆ ಬಂದವನು.

ಕಾನೂನಿನಂತೆ ಕಾರಿನ ನೋಂದಣಿಗೆ ಹದಿನೈದು ವರ್ಷ ಆಯುಸ್ಸು. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿತ್ತು. ಗುಜರಿಗೆ ಹಾಕಿಬಿಡಿ ಎಂದವರೇ ಹೆಚ್ಚು. ನಾನು ಕೇಳದೆ 2023ರಲ್ಲಿ ನವೀಕರಿಸಿದೆ. ಹಳೆಯದನ್ನು ಕೈಬಿಡದ ಮನುಷ್ಯ ನಾನು ಎಂಬ ಹೆಮ್ಮೆಯೂ ಒಳಗಿತ್ತು. ಆ ಹೆಮ್ಮೆಯಲ್ಲಿ ಒಂದು ಮೋಸ ಅಡಗಿತ್ತೆಂದು ಈಗ ಗೊತ್ತಾಗಿದೆ. ಕೈಬಿಡದೆ ಇರುವುದು ಒಂದು, ಕೈಯಿಟ್ಟು ನೋಡುವುದು ಇನ್ನೊಂದು. ನಾನು ಮೊದಲನೆಯದನ್ನು ಮಾಡಿ ಎರಡನೆಯದನ್ನೂ ಮಾಡಿದೆನೆಂದು ತಿಳಿದಿದ್ದೆ.

2024ರ ಯುಗಾದಿಗೆ ಊರಿಗೆ ಹೊರಟೆವು. ಮೆಹದಿಪಟ್ಟಣಂನಿಂದ ಲಂಗರ್ ಹೌಸ್ ದಾಟಿ ಚೇವೆಳ್ಳ, ಪರಿಗಿ, ಕೊಡಂಗಲ್ ಮೇಲೆ ಸೇಡಂ ಕಡೆಗೆ ಹೋಗುವ ದಾರಿ. ಪೊಲೀಸ್ ಅಕಾಡೆಮಿ ದಾಟಿದರೆ ರಸ್ತೆಯ ಎರಡೂ ಬದಿಗೆ ಹಳೆಯ ಆಲದ ಮರಗಳು, ಮನ್ನೆಗೂಡದ ತನಕ ಆಗ ಸುಮಾರು 900. ಚೇವೆಳ್ಳದ ಹತ್ತಿರ ಬರುತ್ತಿದ್ದಂತೆ ಶಾಖದ ಮುಳ್ಳು ಕೆಂಪಿಗೆ ಹತ್ತಿತು. ಬಾನೆಟ್ ಸಂದಿಯಿಂದ ಹಬೆ ಎದ್ದಿತು. ಒಂದು ಆಲದ ಕೆಳಗೆ ನಿಲ್ಲಿಸಿದೆ. ತಮ್ಮನಿಗೆ ಫೋನ್ ಮಾಡಿ, ಗಾಡಿ ಕೆಟ್ಟಿತು, ಬರಲಾಗುವುದಿಲ್ಲ ಎಂದೆ. "ಹೂಂ, ಇರ್ಲಿ ಬಿಡು" ಎಂದ. ಅಷ್ಟೇ. ಬೇಸರವಿಲ್ಲ, ಜಗಳವಿಲ್ಲ, ಎಲ್ಲಿ ಇದ್ದೀರಿ ಎಂಬ ಪ್ರಶ್ನೆಯೂ ಇಲ್ಲ. ಮಗಳು ನನ್ನ ಮುಖ ನೋಡಿದಳು. ನಾನು ಮರದ ಬಿಳಲುಗಳನ್ನು ನೋಡುತ್ತ ನಿಂತೆ.

ಮೆಹದಿಪಟ್ಟಣಂನಲ್ಲಿ ಕಂಬದ ನಂಬರು ಹೇಳಿಯೇ ವಿಳಾಸ ತೋರಿಸುವುದು. 2009ರಲ್ಲಿ ತೆರೆದ, ಮೆಹದಿಪಟ್ಟಣಂನಿಂದ ಆರಾಂಘರ್ ತನಕ 11.6 ಕಿಲೋಮೀಟರ್ ಉದ್ದದ ಪಿ.ವಿ. ನರಸಿಂಹರಾವ್ ಮೇಲುರಸ್ತೆಯ ಕಂಬಗಳವು. ಅಂಥ ಒಂದು ಕಂಬದ ಎದುರಿನ ಗಲ್ಲಿಯಲ್ಲಿ ಮೆಕ್ಯಾನಿಕ್ ಉಸ್ತಾದರ ಶೆಡ್ಡು. ಎಪ್ಪತ್ತು ದಾಟಿದವರು. ಹಗ್ಗ ಕಟ್ಟಿ ಎಳೆದು ತಂದ ಕಾರನ್ನು ಅವರು ಕೂಡಲೇ ಬಿಚ್ಚಲಿಲ್ಲ. ಎಂಜಿನ್ ತಣಿಯುವ ತನಕ ಚಹಾ ಕುಡಿಯುತ್ತ ನನ್ನ ಮಾತು ಕೇಳಿದರು. ನಾನು ನೀರು ಹಾಕಿದ ಕಥೆಯನ್ನೆಲ್ಲ ಹೇಳಿದೆ, ಎಷ್ಟು ಶ್ರದ್ಧೆಯಿಂದ ಹಾಕುತ್ತಿದ್ದೆ ಎಂಬುದನ್ನೂ. ಅವರು ಲೋಟ ಕೆಳಗಿಟ್ಟು ಒಂದೇ ಮಾತು ಕೇಳಿದರು: "ಪಾನಿ ಜಾರಾ ಕಾಂ, ಸಾಬ್?" ನೀರು ಹೋಗುತ್ತಿರುವುದಾದರೂ ಎಲ್ಲಿಗೆ?

ಐದು ತಿಂಗಳಲ್ಲಿ ಆ ಪ್ರಶ್ನೆ ನನಗೆ ಒಂದು ಸಲವೂ ಹುಟ್ಟಿರಲಿಲ್ಲ. ಕಾರಿನ ಕೆಳಗೆ ಒಂದು ಹನಿಯೂ ಬಿದ್ದಿರಲಿಲ್ಲ. ನೆಲ ಒಣಗಿದೆ, ಅಂದಮೇಲೆ ಸೋರಿಕೆಯಿಲ್ಲ ಎಂದು ನನ್ನ ಲೆಕ್ಕ.

ಅವರು ರಬ್ಬರ್ ಪೈಪುಗಳನ್ನು ಒಂದೊಂದಾಗಿ ಹಿಚುಕಿ ನೋಡಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ, ವೈದ್ಯರು ಎದೆ ಕೇಳುವಂತೆ ಕಣ್ಣು ಮುಚ್ಚಿ ಕೇಳಿದರು. ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳೇಳುವುದನ್ನು ನನ್ನನ್ನು ಕರೆದು ತೋರಿಸಿದರು. ಕೊನೆಗೆ ಆಯಿಲ್ ಅಳೆಯುವ ಕಡ್ಡಿಯನ್ನು ಹೊರಗೆಳೆದರು. ಅದರ ತುದಿಗೆ ಅಂಟಿದ್ದು ಹಾಲು ಬೆರೆಸಿದ ಚಹಾದ ಬಣ್ಣ. ನೀರು ಹೊರಗೆ ಹೋಗುತ್ತಿರಲಿಲ್ಲ, ಒಳಗೇ ಸೇರುತ್ತಿತ್ತು.

ಪೆಟ್ರೋಲ್ ಉರಿದಾಗ ಹುಟ್ಟುವ ಶಾಖದಲ್ಲಿ ಚಕ್ರ ತಿರುಗಿಸಲು ಒದಗುವುದು ಸ್ವಲ್ಪ ಪಾಲು ಮಾತ್ರ. ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲನ್ನು ಎಂಜಿನಿನ ಸುತ್ತ ಹರಿಯುವ ನೀರು ಹೊತ್ತೊಯ್ದು ರೇಡಿಯೇಟರಿನಲ್ಲಿ ಗಾಳಿಗೆ ಬಿಡಬೇಕು. ನಮ್ಮ ಕಾರಿನಲ್ಲಿ ಫ್ಯಾನನ್ನು ಚಾಲೂ ಮಾಡುವ ಒಂದು ಪುಟ್ಟ ಸ್ವಿಚ್ ಕೆಲಸ ನಿಲ್ಲಿಸಿತ್ತು. ಓಡುವಾಗ ಗಾಳಿಗೆ ತಣಿಯುತ್ತಿದ್ದ ನೀರು ರೈತು ಬಜಾರಿನ ಮುಂದಿನ ದಟ್ಟಣೆಯಲ್ಲಿ ನಿಂತಾಗ ಕುದಿಯುತ್ತಿತ್ತು. ಹಾಗೆ ಮತ್ತೆ ಮತ್ತೆ ಕಾದು ಎಂಜಿನಿನ ಮೇಲುಭಾಗದ ಅಲ್ಯೂಮಿನಿಯಂ ಹೆಡ್ಡು ಕೂದಲೆಳೆಯಷ್ಟು ಬಾಗಿತ್ತು. ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಸುಟ್ಟು, ನೀರಿನ ದಾರಿ ಆಯಿಲಿನ ದಾರಿಗೆ ತೆರೆದುಕೊಂಡಿತ್ತು. ನಾನು ಸುರಿದ ನಲ್ಲಿ ನೀರು ಕೂಲೆಂಟನ್ನು ತೆಳ್ಳಗೆ ಮಾಡಿ, ತುಕ್ಕು ಹಿಡಿಸಿ, ಉಪ್ಪಿನ ಕರೆ ಕಟ್ಟಿಸಿ ರೇಡಿಯೇಟರಿನ ಸಣ್ಣ ನಾಳಗಳನ್ನೂ ಮುಚ್ಚುತ್ತಿತ್ತು. ಮದ್ದು ಎಂದು ನಾನು ದಿನವೂ ಕೊಟ್ಟದ್ದು ರೋಗವನ್ನೇ ಬೆಳೆಸಿತ್ತು.

ಹೆಡ್ಡು ಲೇತಿಗೆ ಹೋಯಿತು. ಬಿಡಿಭಾಗಗಳಿಗೆ ಪುತ್ಲಿಬೌಲಿಯ ಅಂಗಡಿಗಳನ್ನು ಸುತ್ತಿದೆ. ಮೊದಲೇ ನೋಡಿದ್ದರೆ ಕೆಲವು ನೂರು ರೂಪಾಯಿಯ ಸ್ವಿಚ್ಚಿನಲ್ಲಿ ಮುಗಿಯುತ್ತಿದ್ದ ಕೆಲಸ ಒಂದು ತಿಂಗಳ ಸಂಬಳದ ದೊಡ್ಡ ಪಾಲನ್ನು ಕೇಳಿತು. ನನ್ನನ್ನು ಕಾಡಿದ್ದು ಆ ಹಣವಲ್ಲ, ಉಸ್ತಾದರ ಪ್ರಶ್ನೆ.

ಈ ಊರಿನಲ್ಲಿ ಆ ಪ್ರಶ್ನೆಯನ್ನು ಬಹಳ ಹಿಂದೆ ನಮ್ಮವರೇ ಒಬ್ಬರು ಕೇಳಿದ್ದರು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದನ್ನು ಕೊಚ್ಚಿ ಸಾವಿರಾರು ಜನರನ್ನು ಕೊಂದಿತು. ಮರುವರ್ಷ ನಿಜಾಮರ ಸರ್ಕಾರ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿತು. ನಗರದೊಳಗೆ ದಡದ ಗೋಡೆ ಎತ್ತರಿಸುವುದು ಎಲ್ಲರ ಕಣ್ಣಿಗೂ ಕಾಣುವ ಉಪಾಯ. ಅವರು ಅಷ್ಟಕ್ಕೇ ನಿಲ್ಲದೆ ನಗರದ ಮೇಲುಭಾಗದ ಮಳೆಯ ಲೆಕ್ಕ ತೆಗೆದರು, ನೀರು ಹೊರಡುವ ಕಡೆಗೆ ನಡೆದರು, ಅಲ್ಲೇ ಪ್ರವಾಹವನ್ನು ತಡೆದು ಹಿಡಿಯಬೇಕೆಂದು ಹೇಳಿದರು. ಆ ಯೋಚನೆಯಿಂದ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲಿ, ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲಿ ಎದ್ದವು. ಉಸ್ಮಾನ್ ಸಾಗರದ ನೀರನ್ನು ಸೋಸುವ ಹಳೆಯ ಫಿಲ್ಟರ್ ಬೆಡ್‌ಗಳು ನಮ್ಮ ಮನೆಯ ಸಮೀಪದ ಆಸಿಫ್‌ನಗರದಲ್ಲೇ ಇವೆ. ಭಾರತದಲ್ಲೇ ಮೋಟಾರು ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಹಟ ಹಿಡಿದು ಯೋಜನೆ ಸಿದ್ಧಪಡಿಸಿದವರೂ ವಿಶ್ವೇಶ್ವರಯ್ಯನವರೇ. ನೆರೆಗಾಗಲಿ ಯಂತ್ರಕ್ಕಾಗಲಿ ಅವರ ದಾರಿ ಒಂದೇ. ತೊಂದರೆ ಕಂಡ ಜಾಗದಲ್ಲಿ ನಿಂತುಬಿಡದೆ ಅದು ಹುಟ್ಟುವ ಜಾಗದ ತನಕ ಹೋಗುವುದು.

ಹಾಗೆ ಹುಡುಕುತ್ತ ಹೋಗಲು ನಾವು ಹಿಂಜರಿಯುವುದೇಕೆ? ಸೋಮಾರಿತನ ಒಂದೇ ಕಾರಣವಲ್ಲ. ನೀರು ಸುರಿಯುವಾಗ ನಾವು ಕೊಡುವವರಾಗಿರುತ್ತೇವೆ. ಎಲ್ಲಿ ಹೋಗುತ್ತಿದೆ ಎಂದು ಕೇಳಿದ ಕೂಡಲೇ ಕೇಳಿಸಿಕೊಳ್ಳುವವರಾಗಬೇಕು. ಉತ್ತರದಲ್ಲಿ ನಮ್ಮದೇ ತಪ್ಪು ಇರಬಹುದು. ಕೊಡುವ ಕೈಗೆ ಆ ಭಯವಿಲ್ಲ.

ಶೆಡ್ಡಿನ ಸ್ಟೂಲಿನ ಮೇಲೆ ಕುಳಿತು ಹೆಡ್ಡು ಬರುವುದನ್ನು ಕಾಯುತ್ತಿದ್ದಾಗ ತಮ್ಮ ನೆನಪಾದ. ತಿಂಗಳ ಮೊದಲ ವಾರ ಅವ್ವನ ಖರ್ಚಿಗೆ ಹಣ, ಭಾನುವಾರ ಫೋನು, ದೀಪಾವಳಿಗೆ ಬಟ್ಟೆ, ಇವನ್ನು ನಾನು ಒಂದು ಸಲವೂ ತಪ್ಪಿಸಿದವನಲ್ಲ. ಅವನ ಮಾತು ವರ್ಷದಿಂದ ವರ್ಷಕ್ಕೆ ಕಡಿಮೆಯಾದಂತೆ ನಾನು ಹಣವನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸಿದ್ದೆ. ನಮ್ಮ ನಡುವೆ ಜಗಳ ನಡೆದಿರಲಿಲ್ಲ. ಹೊಲದ ಪಾಲಿನ ಮಾತು ಬಂದಿರಲಿಲ್ಲ. ನೆಲ ಒಣಗಿಯೇ ಇತ್ತು.

ಕಾರು ಸಿದ್ಧವಾದ ಮೇಲೆ ಒಬ್ಬನೇ ಊರಿಗೆ ಹೋದೆ. ಅವ್ವ ಬಾಗಿಲಲ್ಲೇ ನಿಂತು, "ಗಾಡಿ ಆರಾಮ ಅದ ಏನು?" ಎಂದು ಕೇಳಿದಳು. ಮನುಷ್ಯರನ್ನು ಕೇಳುವ ಮಾತಿನಲ್ಲೇ ಗಾಡಿಯನ್ನೂ ಕೇಳಿದಳು. ರಾತ್ರಿ ಅಂಗಳದಲ್ಲಿ ತಮ್ಮನ ಪಕ್ಕ ಕುಳಿತು, ನನ್ನ ಮೇಲೆ ನಿನಗೆ ಏನೋ ನೋವಿದೆ, ಏನದು, ಹೇಳು ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ನಾನು ಆ ಮೌನವನ್ನು ತುಂಬಿಸಲು ಹೋಗಲಿಲ್ಲ. ತಣಿಯುವ ಮುಂಚೆ ಮುಚ್ಚಳ ತೆಗೆಯಬಾರದೆಂದು ಉಸ್ತಾದರು ಕಲಿಸಿದ್ದರು.

"ರೊಕ್ಕದ ಮಾತಲ್ಲ ಅಣ್ಣಾ" ಎಂದ ಕೊನೆಗೆ. "ಅಪ್ಪ ಹೋದಾಗ ನೀ ಮೂರನೇ ದಿನಕ್ಕ ಹೈದರಾಬಾದಿಗಿ ಹೋಗಿಬಿಟ್ಟಿ. ಬಂದವರೆಲ್ಲ ದೊಡ್ಡಾವ ಎಲ್ಲಿ ಅಂತ ಕೇಳ್ತಿದ್ರು. ಹದಿಮೂರು ದಿನ ಮುಗಿಯೋ ತನಕ ನಾ ಒಬ್ಬನೇ ಕುಂತು ಜವಾಬು ಕೊಟ್ಟೀನಿ."

ಎಂಟು ವರ್ಷದ ಹಿಂದಿನ ಮಾತು. ಆಫೀಸಿನಲ್ಲಿ ಆಡಿಟ್ ಇತ್ತು. ಹೋಗುವಾಗ ಖರ್ಚಿಗೆಂದು ಅವನ ಕೈಯಲ್ಲಿ ಹಣದ ಕಟ್ಟು ಇಟ್ಟು, ನನ್ನ ಕರ್ತವ್ಯ ಮುಗಿಯಿತೆಂದು ಬಸ್ಸು ಹತ್ತಿದ್ದೆ. ಅವನಿಗೆ ಬೇಕಾಗಿದ್ದದ್ದು ಪಕ್ಕದಲ್ಲಿ ಕೂರುವ ಅಣ್ಣ. ಅಂದಿನಿಂದ ನಾನು ಕಳಿಸಿದ ಪ್ರತಿ ರೂಪಾಯಿಯೂ ಆ ಕಟ್ಟನ್ನೇ ನೆನಪಿಸಿರಬೇಕು. ಸಮಾಧಾನಕ್ಕೆ ನನ್ನಲ್ಲಿ ಮಾತಿರಲಿಲ್ಲ. ತಪ್ಪಾಯಿತು ಎಂದೆ. ಇಬ್ಬರೂ ಅಲ್ಲೇ ಕುಳಿತಿದ್ದೆವು, ಅವ್ವ ದೀಪ ಆರಿಸುವ ತನಕ.

ಹಳೆಯದನ್ನೆಲ್ಲ ಉಳಿಸಿಕೊಳ್ಳಲೇಬೇಕೆಂದು ನಾನು ಹೇಳುತ್ತಿಲ್ಲ. ಬ್ರೇಕು ಹಿಡಿಯದ, ಹೊಗೆ ಕಾರುವ ಗಾಡಿಯನ್ನು ಅಭಿಮಾನಕ್ಕೆ ಬೀದಿಗಿಳಿಸುವುದು ದಾರಿಹೋಕರಿಗೆ ಮಾಡುವ ಅನ್ಯಾಯ. ರೈತು ಬಜಾರಿನ ಮುಂದೆ ಸೊಪ್ಪಿನ ಚೀಲ ಹಿಡಿದು ರಸ್ತೆ ದಾಟುವ ಮುದುಕಿಗೆ ನನ್ನ ಕಾರಿನ ಮೇಲಿನ ಪ್ರೀತಿಯಿಂದ ಆಗಬೇಕಾದದ್ದೇನೂ ಇಲ್ಲ. ಅವಳಿಗೆ ಬೇಕಾದದ್ದು ಹಿಡಿಯುವ ಬ್ರೇಕು. ನಮ್ಮ ಕಾರೂ ಒಂದು ದಿನ ಗುಜರಿಗೆ ಹೋಗುತ್ತದೆ, ಹೋಗಲೇಬೇಕು. ಆದರೆ ಏನಾಗಿದೆ ಎಂದು ಕೇಳದೆ ಬಿಸಾಡುವುದೂ ಕೇಳದೆ ನೀರು ಸುರಿಯುವುದೂ ಒಂದೇ ಉದಾಸೀನದ ಎರಡು ಮುಖ. ಬಿಡುವುದಾದರೂ, ಇಟ್ಟುಕೊಳ್ಳುವುದಾದರೂ, ಮೊದಲು ಬಾನೆಟ್ ಎತ್ತಿ ನೋಡಿದವರಿಗೆ ಆ ನಿರ್ಧಾರದ ಹಕ್ಕು ಬರುತ್ತದೆ.

ರಿಪೇರಿ ಮುಗಿದ ದಿನ ಉಸ್ತಾದರು ಇನ್ನೊಂದು ಮಾತು ಹೇಳಿದ್ದರು. ಕೂಡಿಸಿದ ಹೆಡ್ಡು ಕಾದು, ತಣಿದು, ಹೊಸ ಗ್ಯಾಸ್ಕೆಟ್ಟಿನ ಮೇಲೆ ಕೂರಲು ಸಮಯ ಬೇಕು. ಆದ್ದರಿಂದ ಐನೂರು ಕಿಲೋಮೀಟರ್ ಓಡಿಸಿ ಮತ್ತೆ ತನ್ನಿ, ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಮಾಡಬೇಕು, ಒಂದೇ ದಿನದಲ್ಲಿ ಮುಗಿಯುವ ಕೆಲಸವಲ್ಲ ಇದು ಎಂದಿದ್ದರು.

ಊರಿನಿಂದ ಹೊರಡುವ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ತಮ್ಮ ಬಾನೆಟ್ ಎತ್ತಿ ರೇಡಿಯೇಟರಿನೊಳಗೆ ಬಗ್ಗಿ ನೋಡುತ್ತಿದ್ದ. "ನೀರು ಕಮ್ಮಿ ಆಗಿಲ್ಲ" ಎಂದಷ್ಟೇ ಹೇಳಿ ಮುಚ್ಚಳ ತಿರುವಿದ. ಆಮೇಲೂ ಅವನು ಮೊದಲಿನಂತೆ ಮಾತಾಡಿದನೆಂದಲ್ಲ. ಎಂಟು ವರ್ಷ ಕಾದದ್ದು ಒಂದು ರಾತ್ರಿಗೆ ತಣಿಯುವುದಿಲ್ಲ. ಮೀಟರಿನಲ್ಲಿ ಐನೂರು ತುಂಬುವ ಮೊದಲೇ ನಾನು ಎರಡನೆಯ ಸಲ ಊರಿಗೆ ಹೊರಟೆ, ಈ ಸಲ ಹದಿಮೂರು ದಿನದ ರಜೆ ಬರೆದುಕೊಟ್ಟು.