ಮೌನವು ಸಮ್ಮತಿಯೆ?

ಕಾನೂನು ಬೇಡವೆನ್ನದ ಕೆಲಸವೆಲ್ಲವೂ ಮಾಡಬಹುದಾದ ಕೆಲಸವೆ? ಈ ಪ್ರಶ್ನೆ ನಮ್ಮನ್ನು ಕಾಡತೊಡಗಿದ್ದು ಯಾವುದೋ ಧರ್ಮಗ್ರಂಥವನ್ನು ಓದಿ ಅಲ್ಲ. ಮನೆಗೆ ಒಂದು ಎ.ಸಿ. ಹಾಕಿಸಿಕೊಂಡು.

ವಿಶಾಖಪಟ್ಟಣದಲ್ಲಿ ಇದ್ದಷ್ಟು ಕಾಲ ನಮಗೆ ಅದರ ಅಗತ್ಯ ಕಾಣಲಿಲ್ಲ. ಹಗಲು ಎಷ್ಟೇ ಬೆವರಿದರೂ ಸಂಜೆಗೆ ಕಡಲ ಗಾಳಿ ಬೀಸುತ್ತಿತ್ತು. ವಿಜಯವಾಡಕ್ಕೆ ವರ್ಗವಾದ ಮೇಲೆ ಬೇಸಿಗೆಯೆಂದರೆ ಏನೆಂದು ತಿಳಿಯಿತು. ಪಕ್ಕದಲ್ಲೇ ಕೃಷ್ಣೆ ಹರಿದರೂ ಮೇ ತಿಂಗಳಲ್ಲಿ ಪಾದರಸ 45 ಡಿಗ್ರಿ ಮುಟ್ಟುವುದುಂಟು. ಬೆಜವಾಡಕ್ಕೆ 'ಬ್ಲೇಜ್‌ವಾಡ' ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. 2015ರ ಬಿಸಿಗಾಳಿಗೆ ಆಂಧ್ರಪ್ರದೇಶವೊಂದರಲ್ಲೇ ಸಾವಿರಕ್ಕೂ ಹೆಚ್ಚು ಮಂದಿ ತೀರಿಕೊಂಡರು.

ನಮ್ಮ ಬಾಡಿಗೆ ಮನೆ ಊರ ಹೊರಗೆ, ಗ್ರಾಮ ಪಂಚಾಯಿತಿಯ ಎಲ್ಲೆಯಲ್ಲಿದೆ. ಒಂದೂವರೆ ಟನ್ನಿನ ಎ.ಸಿ. ಕೊಂಡೆವು. ಗುಮಾಸ್ತರಲ್ಲವೆ, ಯಾರ ಅನುಮತಿ ಬೇಕೆಂದು ಮೊದಲೇ ವಿಚಾರಿಸಿದೆವು. ಮನೆ ಕಟ್ಟಲು ಪಂಚಾಯಿತಿಯ ಅನುಮತಿ ಬೇಕು, ಎ.ಸಿ. ಕೂರಿಸಲು ಬೇಡ. ಲೋಡ್ ಹೆಚ್ಚಿಸುವಂತೆ ವಿದ್ಯುತ್ ಕಂಪನಿಗೆ ಅರ್ಜಿ ಕೊಟ್ಟು ಹಣ ಕಟ್ಟಿದರೆ ಮುಗಿಯಿತು. ಅಮೆರಿಕದ ಅನೇಕ ಕೌಂಟಿಗಳಲ್ಲಾದರೋ ಈ ಕೆಲಸಕ್ಕೆ ಮುಂಚಿತವಾಗಿ ಪರವಾನಗಿ ಬೇಕು, ಮುಗಿದ ಮೇಲೆ ತಪಾಸಣೆಯೂ ಉಂಟು. ನಮ್ಮಲ್ಲಿ ನಿಯಮವು ತಂತಿಯ ಯೋಗಕ್ಷೇಮ ಕೇಳುತ್ತದೆ, ನೆರೆಮನೆಯದನ್ನಲ್ಲ. ಹಣ ಕಟ್ಟಿ, ರಸೀದಿ ಪಡೆದು, ನಿಶ್ಚಿಂತೆಯಿಂದ ಮಲಗಿದೆವು.

ಹೊರಗಿನ ಪೆಟ್ಟಿಗೆಯನ್ನು ಮೆಕ್ಯಾನಿಕ್ ಓಣಿಯ ಕಡೆಯ ಗೋಡೆಗೆ ಕೂರಿಸಿದ್ದ. ಎದುರಿಗೆ ಮೂರಡಿ ದೂರದಲ್ಲಿ, ಬಟ್ಟೆ ಇಸ್ತ್ರಿ ಮಾಡಿ ಬದುಕುವ ಅಜ್ಜಿಯೊಬ್ಬಳ ತಗಡಿನ ಮನೆಯ ಕಿಟಕಿ. ಹತ್ತು ದಿನ ಕಳೆದಿರಬಹುದು. ಒಂದು ರಾತ್ರಿ ಕರೆಂಟು ಹೋಗಿ, ಸೆಕೆ ತಾಳದೆ ಹೊರಗೆ ಬಂದೆವು. ಅಜ್ಜಿ ಕಿಟಕಿಗೆ ಗೋಣಿಚೀಲ ಕಟ್ಟಿ, ಮಂಚವನ್ನು ರಸ್ತೆಯ ಅಂಚಿಗೆ ಎಳೆದುಕೊಂಡು ಮಲಗಿದ್ದಳು. ಏಕೆಂದು ಕೇಳಿದರೆ, "ಏಮೀ ಲೇದಂಡಿ" ಎಂದಳು.

ಬಿ.ಎಸ್ಸಿ.ಯಲ್ಲಿ ಉರುಹೊಡೆದ ಉಷ್ಣಗತಿ ವಿಜ್ಞಾನ ಆಗ ನೆನಪಾಯಿತು. ಎ.ಸಿ. ಕಾವನ್ನು ಇಲ್ಲವಾಗಿಸುವುದಿಲ್ಲ, ಬೇರೆಡೆಗೆ ಸಾಗಿಸುತ್ತದೆ. ಒಂದೂವರೆ ಟನ್ನಿನದು ಪೂರ್ತಿ ಓಡುವಾಗ ಕೋಣೆಯಿಂದ ಸುಮಾರು 5 ಕಿಲೋವ್ಯಾಟ್ ಶಾಖವನ್ನು ಎಳೆದು, ತಾನು ತಿಂದ ಒಂದೂವರೆ ಕಿಲೋವ್ಯಾಟ್ ವಿದ್ಯುತ್ತನ್ನೂ ಶಾಖವಾಗಿ ಸೇರಿಸಿ ಹೊರಗೆ ಉಗುಳುತ್ತದೆ. ಅಂದರೆ ಅಜ್ಜಿಯ ಕಿಟಕಿಗೆ ಮುಖಮಾಡಿ ಆರು ದೊಡ್ಡ ಹೀಟರುಗಳನ್ನು ಇಟ್ಟ ಹಾಗಾಯಿತು.

'ಮೌನಂ ಸಮ್ಮತಿ ಲಕ್ಷಣಂ' ಎನ್ನುತ್ತಾರೆ. ನಿಯಮ ಮೌನವಾಗಿತ್ತು, ಅಜ್ಜಿಯೂ ಮೌನವಾಗಿದ್ದಳು. ಎರಡನ್ನೂ ನಾವು ಒಪ್ಪಿಗೆಯೆಂದೇ ಎಣಿಸಿದ್ದೆವು. ಆದರೆ ನಿಯಮ ಸುಮ್ಮನಿದ್ದುದು ಅದನ್ನು ಬರೆದವರ ಕಣ್ಣಿಗೆ ಆ ಓಣಿ ಬೀಳದ ಕಾರಣ. ಅಜ್ಜಿ ಸುಮ್ಮನಿದ್ದುದು ಸರ್ಕಾರಿ ನೌಕರರೊಡನೆ ವಾದ ಏಕೆಂಬ ಅಂಜಿಕೆಯಿಂದ. ಇವುಗಳಲ್ಲಿ ಸಮ್ಮತಿ ಎಲ್ಲಿದೆ?

ಹಾಗಾದರೆ ನಮ್ಮ ಮಕ್ಕಳು ಬೇಯಬೇಕೆ ಎಂದು ಓದುಗರು ಕೇಳಬಹುದು. ಹಾಗೆನ್ನುವಷ್ಟು ದೊಡ್ಡವರು ನಾವಲ್ಲ. ಪರವಾನಗಿಯ ನಿಯಮವೊಂದು ಬಂದರೆ ಎಲ್ಲ ಸರಿಹೋದೀತೆಂಬ ನಂಬಿಕೆಯೂ ಕಡತಗಳ ನಡುವೆ ಕುಳಿತವರಿಗೆ ಹೆಚ್ಚಿಲ್ಲ. 2020ರ ಜನವರಿ 1ರಿಂದ ಹೊಸ ಎ.ಸಿ.ಗಳು 24 ಡಿಗ್ರಿಗೆ ಹೊಂದಿಸಿಯೇ ಬರಬೇಕೆಂದು ಆಜ್ಞೆಯಾಯಿತು. ಆದರೆ 18ಕ್ಕೆ ಇಳಿಸುವ ಗುಂಡಿ ನಮ್ಮ ಕೈಯಲ್ಲೇ ಇದೆ. ನಿಯಮ ಬೇಕು, ನಿಜ. ಅದು ಬರುವವರೆಗೂ, ಬಂದ ಮೇಲೂ, ಪಕ್ಕದವರನ್ನು ಒಂದು ಮಾತು ಕೇಳುವ ಹೊಣೆ ಮಾತ್ರ ತಪ್ಪುವುದಿಲ್ಲ.

ಮನೆಯ ಯಜಮಾನರನ್ನು ಒಪ್ಪಿಸಿ, ಪೈಪಿಗೆ ಇನ್ನಷ್ಟು ಹಣ ತೆತ್ತು, ಪೆಟ್ಟಿಗೆಯನ್ನು ತಾರಸಿಗೆ ಏರಿಸಿದೆವು. 26 ಡಿಗ್ರಿಗೆ ಇಟ್ಟು ಫ್ಯಾನು ತಿರುಗಿಸಿಕೊಳ್ಳುತ್ತೇವೆ. ಅಜ್ಜಿ ಗೋಣಿಚೀಲ ಬಿಚ್ಚಿದಳು. ಕಾವು ಇಂಗಿಹೋಗಿಲ್ಲ, ಊರ ಗಾಳಿಗೆ ಸೇರುತ್ತಲೇ ಇದೆ. ಆ ಋಣ ನಮ್ಮ ಮೇಲಿದೆ.

ಊರು ಬಿಟ್ಟು ಬಂದ ನಮಗೆ ಕಷ್ಟಕಾಲಕ್ಕೆ ಆಗುವವರು ನೆರೆಯವರೇ. ಈ ಬೇಸಿಗೆಯಲ್ಲಿ ಎ.ಸಿ. ಹಾಕಿಸುವ ಬಂಧುಗಳು ಗೋಡೆಗೆ ಡ್ರಿಲ್ ಇಡುವ ಮುನ್ನ ಒಮ್ಮೆ ಹೊರಗೆ ಬಂದು, ಎದುರಿಗೆ ಯಾರ ಕಿಟಕಿ ಇದೆಯೆಂದು ನೋಡಲಿ ಎಂಬುದಷ್ಟೇ ನಮ್ಮ ವಿನಂತಿ.