ಚಳಿಗಾಲದೊಳಗೆ ಹಾರಬೇಕಾದ ಮರಿ

2025ರ ಮೇ ತಿಂಗಳಲ್ಲಿ ಡಿಸ್ನಿಯವರ ‘ಲಿಲೊ ಆ್ಯಂಡ್ ಸ್ಟಿಚ್’ ಹೊಸ ವೇಷದಲ್ಲಿ ತೆರೆಗೆ ಬಂತು. ದುಡ್ಡನ್ನೂ ಮಾಡಿತು, ಬೈಗುಳವನ್ನೂ ತಿಂದಿತು. ಬೈದವರ ಮುಖ್ಯ ತಕರಾರು ಕೊನೆಯ ಕೆಲವು ನಿಮಿಷಗಳ ಮೇಲೆ. 2002ರ ಮೂಲ ಕಾರ್ಟೂನಿನಲ್ಲಿ ಅಪ್ಪ ಅಮ್ಮನನ್ನು ಅಪಘಾತದಲ್ಲಿ ಕಳೆದುಕೊಂಡ ಹವಾಯಿಯ ಹುಡುಗಿ ನಾನಿ, ಪುಟ್ಟ ತಂಗಿ ಲಿಲೊ ಸರ್ಕಾರದ ವಶಕ್ಕೆ ಹೋಗದಂತೆ ಚಿತ್ರದುದ್ದಕ್ಕೂ ಹೆಣಗಿ, ಕಡೆಗೂ ಉಳಿಸಿಕೊಳ್ಳುತ್ತಾಳೆ. ಹೊಸದರಲ್ಲಿ ಅವಳು ತಂಗಿಯನ್ನು ಪಕ್ಕದ ಮನೆಯ ಅಜ್ಜಿ ಟೂಟೂಗೆ ಒಪ್ಪಿಸಿ, ಕಡಲಜೀವಿಗಳ ಬಗ್ಗೆ ಓದಲು ಸ್ಯಾನ್ ಡಿಯಾಗೊಗೆ ಹೊರಡುತ್ತಾಳೆ. ಒಡಹುಟ್ಟಿದವಳನ್ನೇ ಬಿಟ್ಟು ಹೋದಳಲ್ಲ ಎಂದು ಪ್ರೇಕ್ಷಕರು ಕೆರಳಿದರು. ಹವಾಯಿಯ ಮೂಲನಿವಾಸಿಗಳ ಮಕ್ಕಳು ತಮ್ಮ ಜನಸಂಖ್ಯೆಯ ಪಾಲಿಗಿಂತ ಹೆಚ್ಚಾಗಿ ಸರ್ಕಾರಿ ಪಾಲನೆಗೆ ಸೇರುವ ನಾಡು ಅದು. ಸಿಟ್ಟಿಗೆ ಕಾರಣ ಇಲ್ಲದಿರಲಿಲ್ಲ. ಆದರೆ ಅದೇ ನಾಡಿನಲ್ಲಿ ‘ಹಾನೈ’ ಎಂಬ ಹಳೆಯ ಪದ್ಧತಿಯೂ ಇದೆ. ಮಗುವನ್ನು ಅಜ್ಜಿಗೋ ನೆಂಟರಿಗೋ ಬೆಳೆಸಲು ಕೊಡುತ್ತಾರೆ, ಹೆತ್ತವರ ನಂಟು ಕಡಿಯುವುದಿಲ್ಲ.

ದತ್ತು ಪಡೆದ ಅಪ್ಪ ಅಮ್ಮ ಈ ಜಗಳವನ್ನು ಬೇರೆಯೇ ಕಿವಿಯಿಂದ ಕೇಳುತ್ತಾರೆ. ‘ಬಿಟ್ಟು ಹೋದಳು’ ಎಂಬ ಮಾತು ಅವರ ಮನೆಯಲ್ಲಿ ಇನ್ನೊಬ್ಬಳಿಗೆ ತಾಕುತ್ತದೆ: ಮಗುವನ್ನು ಹೆತ್ತು, ಯಾವುದೋ ಸಂಕಟಕ್ಕೆ ಒಪ್ಪಿಸಿ ಹೋದ, ಅವರು ಬಹುಶಃ ಕಂಡೇ ಇರದ ಹೆಂಗಸಿಗೆ. ಸಿನಿಮಾ ಮುಗಿಸಿ ಮನೆಗೆ ಹೊರಟಾಗ ಹಿಂದಿನ ಸೀಟಿನಿಂದ ಬರುವ ಪ್ರಶ್ನೆ ಅವಳ ಕುರಿತೇ ಇರುತ್ತದೆ.

ಮಕ್ಕಳ ಕಾರ್ಟೂನು ಲೋಕದಲ್ಲಿ ಅನಾಥರಿಗೆ ಬರವಿಲ್ಲ. ಅಪ್ಪ ಅಮ್ಮ ಮನೆಯಲ್ಲೇ ಇದ್ದರೆ ಎಂಟು ವರ್ಷದ ಮಗುವನ್ನು ಸಾಹಸಕ್ಕೆ ಕಳಿಸುವವರು ಯಾರು? ತೊಂದರೆ ಇರುವುದು ಆ ಅನಾಥರನ್ನು ಕೊನೆಗೆ ಎಲ್ಲಿಗೆ ಮುಟ್ಟಿಸುತ್ತಾರೆ ಎಂಬಲ್ಲಿ. 2010ರ ‘ಟ್ಯಾಂಗಲ್ಡ್’ನಲ್ಲಿ ರಪುಂಜೆಲ್‌ಳನ್ನು ಸಾಕಿದ ಗೋಥೆಲ್ ಕೂದಲಿನ ಮಾಯೆಗಾಗಿ ಕೂಸು ಕದ್ದವಳು; ಸಾಕುತಾಯಿ ಬೂದಿಯಾಗುತ್ತಾಳೆ, ಹೆತ್ತವರು ತಬ್ಬಿಕೊಳ್ಳುತ್ತಾರೆ. ಅದೇ ವರ್ಷದ ‘ಡೆಸ್ಪಿಕಬಲ್ ಮಿ’ಯಲ್ಲಿ ಗ್ರೂ ಮೂವರು ಹುಡುಗಿಯರನ್ನು ದತ್ತು ತರುವುದು ಅವರು ಬಿಸ್ಕತ್ತು ಮಾರುವ ನೆಪದಲ್ಲಿ ಎದುರಾಳಿಯ ಕೋಟೆಯೊಳಗೆ ನುಸುಳಲು. ಚಂದ್ರನನ್ನು ಕದಿಯುವ ಯೋಜನೆಗೆ ಅಡ್ಡಿಯೆಂದು ಆ ಮಕ್ಕಳನ್ನು ಅನಾಥಾಲಯಕ್ಕೆ ವಾಪಸ್ ಕಳಿಸಲಾಗುತ್ತದೆ. ದತ್ತು ತಾಯಿಗೆ ಇಲ್ಲಿ ಕತೆ ನಿಂತುಹೋಗುತ್ತದೆ. ಬಂದ ಮಗುವನ್ನು ಮರಳಿಸುವುದು, ಅದರಲ್ಲೂ ಸ್ವಲ್ಪ ದೊಡ್ಡ ಮಕ್ಕಳ ವಿಷಯದಲ್ಲಿ, ನಿಜವಾಗಿ ನಡೆಯುವ ಸಂಗತಿ. ಗ್ರೂ ಆಮೇಲೆ ಆ ಮಕ್ಕಳಿಗಾಗಿ ಚಂದ್ರನನ್ನೇ ಬಿಟ್ಟುಕೊಡುತ್ತಾನೆ, ಸರಿ. ಆದರೂ ಆ ಹುಡುಗಿಯರು ಮುದ್ದಾಗಿದ್ದುದರಿಂದಲೇ ಉಳಿದರು ಎಂದು ನೋಡುವ ಮಗುವೊಂದು ಅರ್ಥ ಮಾಡಿಕೊಂಡರೆ ಅದನ್ನು ತಪ್ಪೆನ್ನಲಾಗದು.

ಇವಕ್ಕಿಂತ ತೀರ ಬೇರೆ ಜಾತಿಯ ಚಿತ್ರ 2016ರ ‘ಮೈ ಲೈಫ್ ಆ್ಯಸ್ ಎ ಝುಕೀನಿ’. ಸ್ವಿಟ್ಜರ್ಲೆಂಡಿನ ಕ್ಲೋಡ್ ಬರಾಸ್ ಬೊಂಬೆಗಳನ್ನು ಇಷ್ಟಿಷ್ಟೇ ಸರಿಸುತ್ತ ತೆಗೆದ, ಸೆಲೀನ್ ಸಿಯಾಮಾ ಚಿತ್ರಕತೆ ಬರೆದ ಈ ಸಿನಿಮಾ ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು. ಕುಡುಕ ತಾಯಿಯನ್ನು ಕಳೆದುಕೊಂಡ ಹುಡುಗನ ಬಳಿ ನೆನಪಿಗೆಂದು ಉಳಿದದ್ದು ಅವಳ ಒಂದು ಬಿಯರ್ ಡಬ್ಬಿ. ಅವನನ್ನು ಸೇರಿಸಿದ ಮಕ್ಕಳ ಮನೆಯಲ್ಲಿರುವ ಬೆಯಾಟ್ರಿಸ್ ಎಂಬ ಹುಡುಗಿಯ ತಾಯಿಯನ್ನು ದೇಶದಿಂದ ಹೊರಗೆ ಹಾಕಿದ್ದಾರೆ. ಕಾರು ಬಂದ ಸದ್ದಾದಾಗಲೆಲ್ಲ ಅವಳು ಅಮ್ಮ ಬಂದಳೆಂದು ಬಾಗಿಲಿಗೆ ಓಡುತ್ತಾಳೆ. ಕೊನೆಗೆ ರೇಮಂಡ್ ಎಂಬ ಪೊಲೀಸಿನವನು ಹುಡುಗನನ್ನೂ ಅವನ ಗೆಳತಿ ಕಮೀಲ್‌ಳನ್ನೂ ಮನೆಗೆ ಕರೆದೊಯ್ಯುತ್ತಾನೆ. ಪುಂಡನಂತೆ ಕಾಣುವ ಸಿಮೋನ್ ಮಕ್ಕಳ ಮನೆಯಲ್ಲೇ ಉಳಿಯುತ್ತಾನೆ. ಇಷ್ಟು ದೊಡ್ಡ ಮಕ್ಕಳನ್ನು ಕರೆದೊಯ್ಯುವವರು ಸಿಗುವುದು ಅಪರೂಪ, ಹೋಗು ಎಂದು ಗೆಳೆಯನನ್ನು ಒಪ್ಪಿಸುವವನೂ ಅವನೇ. ಯಾವ ಹಾಡೂ ಅವನನ್ನು ಕಾಪಾಡಲು ಬರುವುದಿಲ್ಲ. ಆ ಪ್ರಾಮಾಣಿಕತೆಯೇ ಚಿತ್ರದ ದೊಡ್ಡತನ.

ಮಗು ಯಾರದು? ಹೆತ್ತವರದೋ ಸಾಕಿದವರದೋ? ಹಾಲಿವುಡ್ಡು ಎತ್ತುವ ಪ್ರಶ್ನೆ ಬಹುಪಾಲು ಇಷ್ಟೇ. ‘ಕುಂಗ್ ಫು ಪಾಂಡಾ’ ಸರಣಿ ಇದಕ್ಕೆ ಹದವಾದ ಉತ್ತರ ಕೊಟ್ಟಿದೆ. 2011ರ ಎರಡನೇ ಭಾಗದಲ್ಲಿ ನೂಡಲ್ಸ್ ಅಂಗಡಿಯ ಹೆಬ್ಬಾತು ಪಿಂಗ್, ಮೂಲಂಗಿ ಪೆಟ್ಟಿಗೆಯಲ್ಲಿ ಸಿಕ್ಕಿ ತಾನು ಸಾಕಿದ ಪಾಂಡಾ ಕೂಸಿನ ಕತೆಯನ್ನು ಕೊನೆಗೂ ಬಾಯಿಬಿಡುತ್ತಾನೆ. 2016ರ ಮೂರನೆಯದರಲ್ಲಿ ಆ ಮಗುವಿನ ಹೆತ್ತ ತಂದೆ ಬಂದಾಗ ಹೊಟ್ಟೆಕಿಚ್ಚು ಪಡುತ್ತಾನೆ, ಆಮೇಲೆ ಇಬ್ಬರು ಅಪ್ಪಂದಿರಿಗೂ ಜಾಗ ಇದೆಯೆಂದು ಕಂಡುಕೊಳ್ಳುತ್ತಾನೆ. ಪಿಂಗನ ಹೊಟ್ಟೆಕಿಚ್ಚು ಅಷ್ಟು ನಗೆಯ ನಡುವೆಯೂ ನಿಜವಾಗಿದೆ.

ಕನ್ನಡದ ಓದುಗರಿಗೆ ಇಲ್ಲಿ ಕರ್ಣ ನೆನಪಾಗದೆ ಇರುವುದಿಲ್ಲ. ನೀನು ಕುಂತಿಯ ಮಗ, ಬಾ, ರಾಜ್ಯ ನಿನ್ನದು ಎಂದು ಕೃಷ್ಣ ಕರೆದಾಗ ವ್ಯಾಸರ ಉದ್ಯೋಗಪರ್ವದ ಕರ್ಣ ಕೊಡುವ ಉತ್ತರದಲ್ಲಿ ವೇದಾಂತದ ಸೋಂಕಿಲ್ಲ. ತನ್ನನ್ನು ಕಂಡ ಕೂಡಲೇ ರಾಧೆಯ ಎದೆಯಲ್ಲಿ ಹಾಲಿಳಿಯಿತು, ಅವಳು ತನ್ನ ಮಲಮೂತ್ರ ಬಳಿದಳು, ಅಧಿರಥ ತನಗೆ ಸಂಸ್ಕಾರ ಮಾಡಿಸಿದ, ಮದುವೆ ಮಾಡಿಸಿದ ಎಂದು ಒಂದೊಂದಾಗಿ ಹೇಳುತ್ತಾನೆ. ಸಾಕಿದವರ ಪರವಾಗಿ ಇದಕ್ಕಿಂತ ಗಟ್ಟಿಯಾದ ವಾದ ಬೇರೆ ಕಾಣದು. ಆದರೆ ಅದು ಮಗನ ಉತ್ತರ. ಸಾಕಿದವರು ತಮ್ಮ ಹಕ್ಕಿನ ಬಗ್ಗೆ ಏನೆಂದುಕೊಳ್ಳಬೇಕು ಎಂಬುದು ಬೇರೆ ಮಾತು, ಮತ್ತು ಫಾಸ್ಟರ್ ಕೇರ್‌ನ ಗಂಟು ಇರುವುದು ಅಲ್ಲೇ. ದತ್ತು ಎಂದರೆ ಎಂದೆಂದಿಗೂ. ಫಾಸ್ಟರ್ ಕೇರ್ ಎಂದರೆ ಹೆತ್ತ ಮನೆ ಸುಧಾರಿಸುವವರೆಗೆ, ಅಥವಾ ಬೇರೆ ನೆಲೆ ಸಿಗುವವರೆಗೆ. ಹೊರಡುವ ದಿನ ಬರಬಹುದೆಂದು ಗೊತ್ತಿದ್ದೂ ಮಗುವನ್ನು ಪೂರ್ತಿಯಾಗಿ ಪ್ರೀತಿಸಲು ಸಾಧ್ಯವೇ? ಮಮಕಾರವಿಲ್ಲದ ಮಮತೆ ಎಂಬುದೊಂದು ಇದೆಯೇ?

ಕಣ್ವನ ಹತ್ತಿರ ಇದಕ್ಕೊಂದು ಉತ್ತರ ಸಿಗುತ್ತದೆ. ಮೇನಕೆ ಬಿಟ್ಟುಹೋದ, ಹಕ್ಕಿಗಳು ಕಾಯುತ್ತಿದ್ದ ಶಕುಂತಲೆಯನ್ನು ಎತ್ತಿ ತಂದವನು ಆತ. ಹುಟ್ಟಿಸಿದವನು, ಪ್ರಾಣ ಉಳಿಸಿದವನು, ಅನ್ನವಿಟ್ಟವನು ಮೂವರೂ ತಂದೆಯರೇ ಎಂಬ ಧರ್ಮಶಾಸ್ತ್ರದ ಮಾತು ಮಹಾಭಾರತದಲ್ಲಿ ಬರುವುದು ಅವನ ಸಂದರ್ಭದಲ್ಲೇ. ಕಾಳಿದಾಸನ ನಾಟಕದ ಕಣ್ವ ಅವಳನ್ನು ಗಂಡನ ಮನೆಗೆ ಕಳಿಸಿಕೊಡುವಾಗ ಗಂಟಲು ಕಟ್ಟಿ ನಿಲ್ಲುತ್ತಾನೆ. ಕಳಿಸಿದ ಮೇಲೆ, ಯಾರೋ ನಂಬಿ ಇಟ್ಟದ್ದನ್ನು ಹಿಂದಿರುಗಿಸಿದವನ ಹಾಗೆ ಮನಸ್ಸು ಹಗುರಾಯಿತು ಎನ್ನುತ್ತಾನೆ. ಹೆಣ್ಣು ಪರರ ಸೊತ್ತು ಎಂಬ ನಂಬಿಕೆ ಆ ಮಾತಿಗೆ ಅಂಟಿಕೊಂಡಿದೆ, ಅದನ್ನು ಇಂದು ಒಪ್ಪಬೇಕಾಗಿಲ್ಲ. ಆದರೆ ಅತ್ತದ್ದೂ ಹಗುರಾದದ್ದೂ ಒಬ್ಬನೇ, ಒಂದೇ ದಿನ ಎಂಬುದು ಗಮನಿಸಬೇಕಾದ್ದು. ವಿರಾಗಿಗೂ ಅಳು ತಪ್ಪಲಿಲ್ಲ.

2002ರ ‘ಲಿಲೊ’ ಚಿತ್ರದ ಇಬ್ಬರು ನಿರ್ದೇಶಕರಲ್ಲಿ ಒಬ್ಬರಾದ ಕ್ರಿಸ್ ಸ್ಯಾಂಡರ್ಸ್ 2024ರಲ್ಲಿ ‘ದಿ ವೈಲ್ಡ್ ರೋಬಾಟ್’ ಮಾಡಿದರು. ಪೀಟರ್ ಬ್ರೌನ್ ಅವರ 2016ರ ಮಕ್ಕಳ ಪುಸ್ತಕ ಅದಕ್ಕೆ ಆಧಾರ. ದ್ವೀಪವೊಂದಕ್ಕೆ ಬಂದು ಬಿದ್ದ ರೋಜ್ ಎಂಬ ಯಂತ್ರ ಆಕಸ್ಮಿಕವಾಗಿ ಹೆಬ್ಬಾತಿನ ಗೂಡಿನ ಮೇಲೆ ಉರುಳಿ, ಒಂದು ಮೊಟ್ಟೆ ಬಿಟ್ಟು ಉಳಿದೆಲ್ಲವನ್ನೂ ನಾಶ ಮಾಡುತ್ತದೆ. ಹೊರಬಂದ ಮರಿ ಅದನ್ನೇ ಅಮ್ಮನೆಂದು ಹಿಂಬಾಲಿಸುತ್ತದೆ. ರೋಜ್‌ಗೆ ಸಿಗುವ ಕೆಲಸದ ಪಟ್ಟಿ ಪುಟ್ಟದು: ತಿನ್ನಲು, ಈಜಲು, ಹಾರಲು ಕಲಿಸಬೇಕು, ಅದೂ ಚಳಿಗಾಲದ ವಲಸೆ ಶುರುವಾಗುವ ಮುಂಚೆ. ಗಡುವು ಮೊದಲ ದಿನವೇ ಗೊತ್ತು. ಕೆಲಸ ಚೆನ್ನಾಗಿ ಆಯಿತು ಎಂದರೆ ಮಗು ಹೋಯಿತು ಎಂದರ್ಥ. ಫಾಸ್ಟರ್ ಕೇರ್‌ನ ಇಡೀ ತತ್ವವನ್ನು ಹೆಬ್ಬಾತಿನ ಕತೆಯಲ್ಲಿ ಇಷ್ಟು ಸಲೀಸಾಗಿ ಕೂರಿಸಿದ್ದಕ್ಕೆ ಸ್ಯಾಂಡರ್ಸ್‌ಗೆ ಶರಣು ಹೇಳಬೇಕು.

ದತ್ತು ಪಡೆದವರಿಗೆ ಚಿತ್ರದಲ್ಲಿ ಇನ್ನೊಂದು ಮುಳ್ಳೂ ಇದೆ. ಮರಿಯ ಕುಟುಂಬ ತನ್ನಿಂದಲೇ ಸತ್ತಿತು ಎಂಬುದನ್ನು ರೋಜ್ ಹೇಳುವುದಿಲ್ಲ. ಬ್ರೈಟ್‌ಬಿಲ್ ಎಂಬ ಆ ಮರಿಗೆ ಅದು ತಿಳಿಯುವುದು ಉಳಿದ ಬಾತುಗಳ ಕೊಂಕುಮಾತಿನಿಂದ. ಮಗುವಿಗೆ ಅದರ ಕತೆಯನ್ನು ಮನೆಯವರೇ, ಬೇಗನೇ, ವಯಸ್ಸಿಗೆ ತಕ್ಕಂತೆ ಹೇಳಬೇಕೆಂದು ದತ್ತು ಸಲಹೆಗಾರರು ಬಾಯಿ ನೋಯುವಷ್ಟು ಸಲ ಹೇಳುವುದು ಇದಕ್ಕೇ. ನೆಂಟರ ಮದುವೆಯಲ್ಲಿ ಯಾರೋ ದೊಡ್ಡಮ್ಮ ‘ಇವಳೇನಾ ತಂದುಕೊಂಡ ಮಗು?’ ಎಂದು ಗಟ್ಟಿಯಾಗಿ ಕೇಳುವ ನಾಡಿನಲ್ಲಿ ಕೊಂಕಿಗೆ ಬಾತುಗಳೇ ಬೇಕಿಲ್ಲ. ಸತ್ಯ ತಿಳಿದು ಕೋಪಗೊಂಡ ಮರಿಗೆ ಹಾರುವ ಪಾಠ ಮಾತ್ರ ನಿಲ್ಲುವುದಿಲ್ಲ. ಮುನಿಸಿನ ನಡುವೆಯೂ ಅದನ್ನು ವಲಸೆಗೆ ಸಿದ್ಧಮಾಡಿ ಕಳಿಸುವ ಭಾಗವೇ ಇಡೀ ಚಿತ್ರದಲ್ಲಿ ಅತ್ಯುತ್ತಮ.

ಭಾರತದಲ್ಲಿ ಫಾಸ್ಟರ್ ಕೇರ್‌ಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಜಾಗ ಇದೆ. ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಮಗು ಬೇರೊಂದು ಕುಟುಂಬದಲ್ಲಿ ಬೆಳೆಯಬಹುದು. 2024ರ ಪರಿಷ್ಕೃತ ಮಾರ್ಗಸೂಚಿ 35ರಿಂದ 60ರ ವಯಸ್ಸಿನ ಒಂಟಿ ವ್ಯಕ್ತಿಗಳಿಗೂ ಈ ಬಾಗಿಲು ತೆರೆದಿದೆ. ಹೀಗೆ ಸಾಕಿದ ಮಗುವನ್ನು ದತ್ತು ಪಡೆಯಲು ಮೊದಲು ಐದು ವರ್ಷ ಕಾಯಬೇಕಿತ್ತು, ಈಗ ಎರಡು. ಬಾಲಮಂದಿರದಲ್ಲಿ ದಿನ ಎಣಿಸುವ ಸಿಮೋನ್‌ನಂಥ ಹುಡುಗರಿಗೆ ಇದು ಒಳ್ಳೆಯ ಸುದ್ದಿಯೇ. ಆದರೆ ಎಂಟು ವರ್ಷದವನೊಬ್ಬ ಬ್ಯಾಗು ಹಿಡಿದು ಹೊಸ ಮನೆಯ ಹೊಸ್ತಿಲಲ್ಲಿ ನಿಂತು, ‘ಎಷ್ಟು ದಿನ ಇರಬೇಕು?’ ಎಂದು ಕೇಳಿದರೆ ಒಳಗಿನವರು ಗೊತ್ತಿಲ್ಲ ಎಂದೇ ಹೇಳಬೇಕಾಗುತ್ತದೆ, ಮತ್ತು ಹೇಳಿದ ಮೇಲೂ ಅವನಿಗೆ ಹೊಸ ಹಾಸಿಗೆ, ಶಾಲೆ, ಊಟದ ತಟ್ಟೆ ಎಲ್ಲವನ್ನೂ ಹೊಂದಿಸಬೇಕಾಗುತ್ತದೆ.