ವ್ಯಾಕರಣದ ವರ್ಗವೂ ಭಾಷೆಯ ಹಿರಿಮೆಯೂ

ಸಂಸ್ಕೃತವೇ ಗಣಕಯಂತ್ರಕ್ಕೆ ಸರ್ವಶ್ರೇಷ್ಠವಾದ ಭಾಷೆಯೆಂದು ಅಮೆರಿಕದ ನಾಸಾ ಸಂಸ್ಥೆಯೇ ಒಪ್ಪಿದೆಯೆಂಬ ಮಾತು ಮುಂಬಯಿಯ ಮಾಟುಂಗದ ಕನ್ನಡ ಸಭೆಗಳಲ್ಲಿಯೂ ಕರತಾಡನ ಗಳಿಸುವುದುಂಟು. ಅದರ ಮೂಲ 1985ರಲ್ಲಿ ನಾಸಾದ ಕೇಂದ್ರವೊಂದರಲ್ಲಿದ್ದ ಸಂಶೋಧಕ ರಿಕ್ ಬ್ರಿಗ್ಸ್ ಬರೆದ ಲೇಖನ. ಶಾಸ್ತ್ರಕಾರರು ವಾಕ್ಯಾರ್ಥವನ್ನು ಬಿಡಿಸುವ ಕ್ರಮಕ್ಕೂ ಕೃತಕ ಬುದ್ಧಿಮತ್ತೆಯ ಅರ್ಥಜಾಲಗಳಿಗೂ ಸಾದೃಶ್ಯವನ್ನು ಕಂಡ ಆ ಲೇಖಕನು, ಅರ್ಥದ ವಿಚಾರವನ್ನೂ ರೂಪದ ವಿಚಾರವನ್ನೂ ಬೆರಸಿ ನಮ್ಮ ಭಾಷಣಕಾರರಿಗೆ ಉಪಕಾರ ಮಾಡಿದನೇ ಹೊರತು ಶಾಸ್ತ್ರಕ್ಕಲ್ಲ.

ಗಣಕಶಾಸ್ತ್ರದಲ್ಲಿ ಭಾಷೆಯೆಂದರೆ ಸಂಕೇತಸರಣಿಗಳ ಒಂದು ಗಣ. ವ್ಯಾಕರಣವೆಂದರೆ ಆ ಸರಣಿಗಳನ್ನು ಮಾತ್ರವೇ ಹುಟ್ಟಿಸುವ ಪರಿಮಿತ ನಿಯಮಾವಳಿ. ನೋಮ್ ಚಾಮ್‌ಸ್ಕಿ 1956ರಲ್ಲಿ ತೊಡಗಿ 1959ರಲ್ಲಿ ಸ್ಥಿರಗೊಳಿಸಿದ ಶ್ರೇಣಿಯಲ್ಲಿ, ಕೆಳಗಿನಿಂದ ಮೇಲಕ್ಕೆ, ನಿಯತ, ಸಂದರ್ಭಮುಕ್ತ, ಸಂದರ್ಭಸಾಪೇಕ್ಷ, ಅನಿರ್ಬಂಧಿತ ಎಂದು ನಾಲ್ಕು ವರ್ಗಗಳು. ಇಲ್ಲಿ ಜನ ಎಡವುವುದು ಒಂದೇ ಕಡೆ: ನಿಯಮದ ಚಹರೆ ಬೇರೆ, ಭಾಷೆಯ ವರ್ಗ ಬೇರೆ.

‘ಮನೆ’ಗೆ ‘ಅನ್ನು’ ಸೇರಿ ‘ಮನೆಯನ್ನು’ ಆಗುವಲ್ಲಿ ಯಕಾರಾಗಮದ ಸೂತ್ರವು ಹಿಂದಿನ ಸ್ವರವನ್ನೂ ಮುಂದಿನ ಸ್ವರವನ್ನೂ ನೋಡುತ್ತದೆ. ನೋಟಕ್ಕೆ ಅಪ್ಪಟ ಸಂದರ್ಭಸಾಪೇಕ್ಷ. ಪಾಣಿನಿಯ ‘ಇಕೋ ಯಣಚಿ’ಯೂ ಅಂತಹುದೇ. ಆದರೆ ಈ ಕೆಲಸಕ್ಕೆ ಎರಡು ಮೂರು ಸ್ಥಿತಿಗಳಷ್ಟೇ ನೆನಪುಳ್ಳ ಅತ್ಯಲ್ಪ ಯಂತ್ರ ಸಾಕು. ಅಂದರೆ ಇದು ಕೆಳಗಿನ ನಿಯತ ವರ್ಗದ ವ್ಯವಹಾರ.

ಇನ್ನು ಈ ವಾಕ್ಯವನ್ನು ನೋಡಿರಿ: ‘ಅಣ್ಣನು, ತಂಗಿಯು, ಅತಿಥಿಗಳು ಮಾಟುಂಗದಲ್ಲಿ ಇಳಿದರೆಂದು ಹೇಳಿದಳೆಂದು, ಬರೆದನು.’ ಮೊದಲು ಬಂದ ಅಣ್ಣನಿಗೆ ಕಡೆಯ ಕ್ರಿಯಾಪದ, ಕಡೆಗೆ ಬಂದ ಅತಿಥಿಗಳಿಗೆ ಮೊದಲ ಕ್ರಿಯಾಪದ. -ಅರು, -ಅಳು, -ಅನು ಎಂಬ ಪ್ರತ್ಯಯಗಳು ತಪ್ಪದೆ ತಿರುವುಮುರುವಾಗಿ ಹೊಂದುತ್ತವೆ. ವಾಕ್ಯದೊಳಗೆ ವಾಕ್ಯವನ್ನಿಡು ಎಂಬ ಸೂತ್ರವು ನೆರೆಹೊರೆಯನ್ನು ನೋಡುವುದೇ ಇಲ್ಲ; ಆದರೂ ಪರಿಮಿತ ಸ್ಥಿತಿಯ ಯಾವ ಯಂತ್ರಕ್ಕೂ ಇದು ದಕ್ಕದು. ಕಾದು ನಿಂತ ಕರ್ತೃಗಳನ್ನು ಉಡುಪಿ ಹೋಟೆಲಿನ ತಟ್ಟೆಗಳಂತೆ ಒಂದರ ಮೇಲೊಂದು ಪೇರಿಸಿ, ಮೇಲಿನದನ್ನೇ ಮೊದಲು ತೆಗೆಯುವ ನೆನಪು ಬೇಕು. ಅದು ಸಂದರ್ಭಮುಕ್ತ ವರ್ಗದ ಲಕ್ಷಣ. ನಾಲ್ಕನೆಯ ಕರ್ತೃವಿಗೆ ನಮ್ಮ ಉಸಿರು ಕಟ್ಟೀತು, ಸೂತ್ರಕ್ಕೆ ಕಟ್ಟದು. ಕನ್ನಡದಲ್ಲಿ ಕರ್ತೃಪದವನ್ನು ಲೋಪಗೊಳಿಸಬಹುದಲ್ಲವೆ ಎನ್ನುವವರುಂಟು, ಅದು ನಿಜವೇ. ಆದರೆ ಕರ್ತೃಗಳು ಕ್ರಿಯೆಗಳಿಗಿಂತ ಹೆಚ್ಚಾಗುವಂತಿಲ್ಲವೆಂಬ ನಿರ್ಬಂಧವೊಂದೇ ಉಳಿದರೂ ಯಂತ್ರ ಎಣಿಸಲೇಬೇಕು.

1967ರಲ್ಲಿ ಪೀಟರ್ ಇಂಗರ್‌ಮನ್, ಆಲ್ಗಾಲ್ 60 ಎಂಬ ಗಣಕಭಾಷೆಯ ವ್ಯಾಕರಣವನ್ನು ಬರೆದ ಸಂಕೇತಕ್ರಮಕ್ಕೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಸೂಚಿಸಿದುದು ಸೂತ್ರಕಾರನ ಕೌಶಲಕ್ಕೆ ಸಂದ ಗೌರವ, ಸಂಸ್ಕೃತವಾಕ್ಯಗಳ ವರ್ಗದ ಕುರಿತ ತೀರ್ಪಲ್ಲ. ವರ್ಗವು ಮೇಲೇರಿದಂತೆ ಭಾಷೆಗೆ ಕಿರೀಟವೇನೂ ಬರುವುದಿಲ್ಲ. ಯಂತ್ರದ ದುಡಿಮೆ ಹೆಚ್ಚುತ್ತದೆ, ಅಷ್ಟೇ. ಮುಂದೆ ಯಾರಾದರೂ ಒಂದು ಭಾಷೆಯನ್ನು ಗಣಕಕ್ಕೆ ಸರ್ವಶ್ರೇಷ್ಠವೆಂದು ಘೋಷಿಸಿದರೆ, ಯಾವ ಸರಣಿಗಳ ಗಣವನ್ನು, ಯಾವ ಯಂತ್ರವನ್ನು ಕುರಿತು ಆಡುತ್ತಿದ್ದೀರೆಂದು ವಾಚಕರು ಎದ್ದು ನಿಂತು ಕೇಳಬೇಕೆಂದು ನನ್ನ ಬಿನ್ನಹ.